ಅಪ್ಪನ ಬಾಂಡು, ಒಂದು ಲಕ್ಷದ ಗೆರೆ

ಮೊನ್ನೆ ಬೀರು ಖಾಲಿ ಮಾಡುವಾಗ ಅಪ್ಪನ ಹಳೇ ಎಫ್‌ಡಿ ಬಾಂಡಿನ ಜೆರಾಕ್ಸ್ ಸಿಕ್ಕಿತು. ಮೂಲೆಯಲ್ಲಿ ಕೆಂಪು ಇಂಕಿನಲ್ಲಿ, ಮೇಷ್ಟ್ರ ದುಂಡು ಅಕ್ಷರದಲ್ಲಿ ಒಂದು ಲೆಕ್ಕ: 1,60,000ದಲ್ಲಿ 1,00,000 ಕಳೆದು ಉಳಿದದ್ದು 60,000. ಅದರಡಿ ಎರಡು ಗೆರೆ.

2004ರಲ್ಲಿ ನಮ್ಮೂರಿನ ಸಹಕಾರಿ ಬ್ಯಾಂಕೊಂದು ಬಾಗಿಲು ಹಾಕಿತು. ಹೆಸರು ಬೇಡ ಬಿಡಿ. ಠೇವಣಿಗೂ ವಿಮೆ ಇರುತ್ತೆ, ಆದರೆ 1 ಲಕ್ಷದವರೆಗೆ ಮಾತ್ರ ಅಂತ ನಮಗೆ ಗೊತ್ತಾಗಿದ್ದೇ ಆಗ. ಆ ದುಡ್ಡು ಕೈಗೆ ಬರಲು ಮೂರು ವರ್ಷ ಹಿಡಿಯಿತು. ಮಿಕ್ಕಿದ್ದು ಬ್ಯಾಂಕಿನ ಸಾಲಗಳು ವಸೂಲಾದ ಮೇಲೆ ಎಂದರು. ಇವತ್ತಿಗೂ ವಸೂಲಾಗುತ್ತಲೇ ಇವೆ!

ಈ 1 ಲಕ್ಷ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಪ್ರತಿ ಸಲವೂ ಒಂದು ಮುಳುಗಿದ ಬ್ಯಾಂಕು ಸಿಗುತ್ತದೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು. ಮರುವರ್ಷ ಠೇವಣಿ ವಿಮೆಯ ಕಾಯ್ದೆ ಬಂತು. 1962ರಲ್ಲಿ ವಿಮೆ ಶುರುವಾದಾಗ ಮಿತಿ 1,500 ರೂಪಾಯಿ. ಹರ್ಷದ್ ಮೆಹ್ತಾ ಹಗರಣದಲ್ಲಿ 1992ರಲ್ಲಿ ಬ್ಯಾಂಕ್ ಆಫ್ ಕರಾಡ್ ಹೋಯಿತು. 1993ರ ಮೇ ತಿಂಗಳಿಂದ ಮಿತಿ 1 ಲಕ್ಷ ಆಯಿತು.

ಆಮೇಲೆ 27 ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಬಂಗಾರ, ಸೈಟು, ಸ್ಕೂಲ್ ಫೀಸು ಎಲ್ಲಾ ಎಲ್ಲೆಲ್ಲಿಗೋ ಹೋದವು, ಈ ಗೆರೆ ಮಾತ್ರ ಅಲ್ಲೇ. ನಮ್ಮಂಥ ಸಣ್ಣ ಊರಿನವರ ಗೋಳು ದೆಹಲಿಗೆ ಕೇಳಿಸಲಿಲ್ಲ ಅಂತಲೇ ನನ್ನ ಅನುಮಾನ. 2019ರ ಸೆಪ್ಟೆಂಬರಿನಲ್ಲಿ ಮುಂಬೈನ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಮೊದಲಿಗೆ 1,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿರಲಿಲ್ಲ. ಜನ ಬೀದಿಗಿಳಿದರು, ಟೀವಿ ತುಂಬಾ ಅದೇ ಸುದ್ದಿ. 2020ರ ಫೆಬ್ರವರಿ 4ಕ್ಕೆ ಮಿತಿ 5 ಲಕ್ಷ! 2021ರ ತಿದ್ದುಪಡಿ ಇನ್ನೂ ಒಳ್ಳೆಯದು. ಬ್ಯಾಂಕ್ ಪೂರ್ತಿ ಮುಚ್ಚುವ ತನಕ ಕಾಯಬೇಕಿಲ್ಲ, ನಿರ್ಬಂಧ ಬಿದ್ದರೂ 90 ದಿನದೊಳಗೆ ವಿಮೆ ಹಣ ಕೊಡಬೇಕು. ಅಪ್ಪನ ಮೂರು ವರ್ಷ ನೆನಪಾಗಿ ಹೊಟ್ಟೆ ಉರಿಯಿತು.

ಅಪ್ಪ ಈಗ ಒಂದು ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷದ ಮೇಲೆ ಇಡುವುದಿಲ್ಲ. ಬಡ್ಡಿಯೂ ಆ 5 ಲಕ್ಷದೊಳಗೇ ಲೆಕ್ಕ, ಅಲ್ವಾ? ಬೇರೆ ಬೇರೆ ಶಾಖೆಯಲ್ಲಿಟ್ಟರೂ ಒಟ್ಟಿಗೇ ಸೇರಿಸುತ್ತಾರೆ.

ಹೋದ ವಾರ ಪತ್ತಿನ ಸಹಕಾರ ಸಂಘದ ಹುಡುಗನೊಬ್ಬ ಮನೆಗೆ ಬಂದಿದ್ದ. ಬಡ್ಡಿ ಬ್ಯಾಂಕಿಗಿಂತ ಜಾಸ್ತಿ ಎಂದ. ಅಪ್ಪ ಕನ್ನಡಕ ಏರಿಸಿ, “ವಿಮೆ ಇದೆಯೇನಪ್ಪಾ?” ಎಂದರು. ಇಂಥ ಸಂಘಗಳಿಗೆ ಆ ವಿಮೆ ಇಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. “ನಂಬಿಕೆ ಇಡಿ ಸಾರ್” ಎಂದ ಹುಡುಗ. ಅಪ್ಪ ಫಾರಂ ಮಡಚಿ ವಾಪಸ್ ಕೊಟ್ಟು, ಅವನಿಗೆ ಕಾಫಿ ತರಲು ಒಳಗೆ ಕೂಗಿದರು.