ಸಾಲಿಡ್ ಬಾಡಿ ಗಿಟಾರಿನ ಮೂರನೆಯ ತಂತಿ: ಒಂದು ಮಳೆಗಾಲದ ಕೆಲಸದ ದಾಖಲೆ

ಮೇ 28, ತೀರ್ಥಹಳ್ಳಿ

ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ್ದ ಹಲಸಿನ ಹಲಗೆಯಿಂದ ಕೊಯ್ಸಿದ ಗಿಟಾರಿನ ಒಡಲಿಗೆ ಹಚ್ಚಿದ್ದ ಕೊನೆಯ ಪಾಲಿಶ್ ಇಂದು ಒಣಗಿತು. ಅಮೆರಿಕದ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ಮಾದರಿಯ ಒಡಲು; ಟೊಳ್ಳಿಲ್ಲದ ಇಂಥ ಗಟ್ಟಿ ಒಡಲನ್ನೇ ಸಾಲಿಡ್ ಬಾಡಿ ಎನ್ನುವುದು. ದಪ್ಪ 44 ಮಿ.ಮೀ., ತೂಕ 2.4 ಕೆ.ಜಿ. ವೀಣೆಯ ಕೊಡಕ್ಕೆ ಒದಗುವ ಮರ ಇದಕ್ಕೂ ಒದಗುತ್ತದೆ ಎಂದು ಆಚಾರರು ಧೈರ್ಯ ಹೇಳಿದ್ದರು. ನೆಕ್ (ತಂತಿಗಳು ಹಾಯುವ ಉದ್ದನೆಯ ಕತ್ತು) ಮಾತ್ರ ಸಿದ್ಧವಾಗಿ ಕೊಂಡದ್ದು: ಮೇಪಲ್ ಮರದ ಮೇಲೆ, ವೀಣೆಯ ಮೆಟ್ಟುಗಳಂತಹ ಲೋಹದ ಫ್ರೆಟ್ಟುಗಳಿರುವ ಬೀಟೆಯ ಫ್ರೆಟ್‌ಬೋರ್ಡ್. ಇಂಡಿಯನ್ ರೋಸ್‌ವುಡ್ ಎಂದು ಜಗತ್ತಿನ ಗಿಟಾರ್ ತಯಾರಕರು ಕರೆಯುವುದು ನಮ್ಮ ಕಾಡಿನ ಈ ಬೀಟೆಯನ್ನೇ.

ಜಾಝ್ ಮತ್ತು ಬ್ಲೂಸ್ ಎರಡನ್ನೂ ಈ ಒಂದೇ ವಾದ್ಯದಲ್ಲಿ ಮನಃಪೂರ್ವಕವಾಗಿ ನುಡಿಸಬೇಕೆಂಬುದು ನನ್ನ ಗುರಿ. ಟೆಲಿಕಾಸ್ಟರನ್ನು ಆಯ್ದುಕೊಂಡದ್ದಕ್ಕೂ ಅದೇ ಕಾರಣ. ಮಡ್ಡಿ ವಾಟರ್ಸ್ ಮತ್ತು ಆಲ್ಬರ್ಟ್ ಕಾಲಿನ್ಸ್ ಬ್ಲೂಸನ್ನು ನುಡಿಸಿದ್ದು ಇದರಲ್ಲಿ. ಕೆನಡಾದ ಎಡ್ ಬಿಕರ್ಟ್ ಅತ್ಯಂತ ಮೃದುವಾದ ಜಾಝ್ ಸ್ವರಮೇಳಗಳನ್ನು ಹೊರಡಿಸಿದ್ದೂ ಇದರಲ್ಲೇ.

ಜೂನ್ 9

ಮಾಮೂಲಿ 10–46 ತಂತಿಗಳ ಕಟ್ಟನ್ನು (ಅತಿ ತೆಳುವಾದದ್ದು 0.010 ಇಂಚು, ಅತಿ ದಪ್ಪದ್ದು 0.046) ಏರಿಸಿದೆ. ಬ್ಲೂಸ್ ಮೊದಲ ಗಂಟೆಯಲ್ಲೇ ಒಲಿಯಿತು. ಬ್ರಿಡ್ಜಿನ (ಒಡಲಿನ ಮೇಲೆ ತಂತಿಗಳು ಕೂರುವ ಭಾಗದ) ಬಳಿಯ ಪಿಕಪ್ಪಿನ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತ-ಸುರುಳಿಯ, ದನಿ ಚುರುಕಾಗಿದೆ, ಮೀಟಿದ ಕ್ಷಣದಲ್ಲೇ ಸ್ವರ ಎದ್ದು ನಿಲ್ಲುತ್ತದೆ. ಆದರೆ ನೆಕ್ಕಿನ ಬಳಿಯ ಪಿಕಪ್ಪಿಗೆ ಬದಲಿಸಿ, ದನಿಯ ಚುರುಕನ್ನು ಹೊಂದಿಸುವ ಟೋನ್ ನಾಬನ್ನು ತಗ್ಗಿಸಿ, ಜಾಝಿನ ನಾಲ್ಕು ಸ್ವರಗಳ ಮೇಳವೊಂದನ್ನು ಹಿಡಿದಾಗ ಒಳಗಿನಿಂದ ಒಂದು ದನಿ ಮಾತ್ರ ಹೊರಕ್ಕೆ ಚಾಚಿಕೊಂಡಂತೆ ಕೇಳಿತು. ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಅದು ಮೂರನೆಯ ತಂತಿ (ತೆಳುವಾದದ್ದರಿಂದ ಎಣಿಸಿದರೆ), ಅಂದರೆ ಜಿ ಎಂದು ಖಚಿತವಾಯಿತು. ಅದು ಉಳಿದವಕ್ಕಿಂತ ಜೋರಾಗಿತ್ತು. ಹನ್ನೆರಡನೆಯ ಫ್ರೆಟ್ಟಿನಲ್ಲಿ 6 ಸೆಂಟಿನಷ್ಟು ಶ್ರುತಿಯೂ ಏರಿತ್ತು. ಅರ್ಧ ಸ್ವರಕ್ಕೆ 100 ಸೆಂಟ್ ಎಂಬ ಲೆಕ್ಕದಲ್ಲಿ 6 ಸೆಂಟ್ ಅಲ್ಪವೆಂದು ತೋರಬಹುದು. ಒಂಟಿ ಸ್ವರದಲ್ಲಿ ಅದು ಕಿವಿಗೆ ಬೀಳುವುದೂ ಇಲ್ಲ, ಆದರೆ ತಗ್ಗಿದ ದನಿಯ ಸ್ವರಮೇಳದಲ್ಲಿ ಕಲ್ಲು ಸಿಕ್ಕ ಅನ್ನದ ತುತ್ತಿನಂತಾಗುತ್ತದೆ.

ಜೂನ್ 17

ಒಂದು ವಾರ ಇದರ ಕಾರಣವನ್ನೇ ಹುಡುಕಿದೆ. ಸಿಕ್ಕ ಉತ್ತರ ನನಗೆ ಬಹಳ ಸಂತೋಷ ಕೊಟ್ಟಿರುವುದರಿಂದ ವಿವರವಾಗಿ ಬರೆದಿಡುತ್ತೇನೆ.

ಟೆಲಿಕಾಸ್ಟರಿನ ಹಳೆಯ ಮಾದರಿಯ ಬ್ರಿಡ್ಜಿನಲ್ಲಿ ಆರು ತಂತಿಗಳಿಗೆ, ಅವುಗಳ ಉದ್ದವನ್ನು ಹೊಂದಿಸುವ ಮೂರೇ ಹಿತ್ತಾಳೆ ಸ್ಯಾಡಲ್‌ಗಳಿವೆ. ಮೂರನೆಯ ಮತ್ತು ನಾಲ್ಕನೆಯ ತಂತಿಗಳು ನಡುವಿನ ಒಂದೇ ಸ್ಯಾಡಲ್ಲಿನ ಮೇಲೆ ಕೂರುತ್ತವೆ. ಈ ಗಿಟಾರ್ ಮಾರುಕಟ್ಟೆಗೆ ಬಂದ 1950ರ ಸುಮಾರಿನಲ್ಲಿ ಮೂರನೆಯ ತಂತಿಯೂ ಉಕ್ಕಿನ ಎಳೆಯ ಮೇಲೆ ಇನ್ನೊಂದು ಎಳೆ ಸುತ್ತಿದ ತಂತಿಯೇ ಆಗಿರುತ್ತಿತ್ತು. ನಾಲ್ಕನೆಯದೂ ಸುತ್ತಿದ್ದೇ ಆದ್ದರಿಂದ ಎರಡಕ್ಕೂ ಬೇಕಾದ ಉದ್ದದಲ್ಲಿ ಹೆಚ್ಚು ಅಂತರವಿರಲಿಲ್ಲ, ಒಂದು ಸ್ಯಾಡಲ್ ಸಾಕಾಗುತ್ತಿತ್ತು. 1960ರ ದಶಕದಲ್ಲಿ ತೆಳು ತಂತಿಗಳ ಕಟ್ಟು ಚಾಲ್ತಿಗೆ ಬಂದಾಗ ಮೂರನೆಯದು ಸುತ್ತಿಲ್ಲದ ಬರಿಯ ಉಕ್ಕಿನ ಎಳೆಯಾಯಿತು. ಬ್ರಿಡ್ಜ್ ಮಾತ್ರ ಹಾಗೆಯೇ ಉಳಿಯಿತು. 1954ರ ಸ್ಟ್ರಾಟೋಕಾಸ್ಟರ್ ಎಂಬ ಇನ್ನೊಂದು ಫೆಂಡರ್ ಗಿಟಾರಿನ ಪಿಕಪ್ಪಿನಲ್ಲೂ ಇದೇ ಕಥೆಯಿದೆ: ಅಲ್ಲಿ ಮೂರನೆಯ ತಂತಿಯ ಕೆಳಗಿನ ಅಯಸ್ಕಾಂತ ಎತ್ತರಕ್ಕಿರುವುದು ಸುತ್ತಿದ ತಂತಿಯ ಸಣ್ಣ ದನಿಯನ್ನು ಮೇಲೆತ್ತಲೆಂದು. ಪಿಕಪ್ಪಿಗೆ ಮುಖ್ಯವಾಗಿ ಕೇಳುವುದು ಒಳಗಿನ ಉಕ್ಕು. ಬರಿಯ ತಂತಿಯಲ್ಲಿ ಇಡೀ ದಪ್ಪವೂ ಉಕ್ಕೇ ಆದ್ದರಿಂದ ಅದು ಜೋರಾಗುತ್ತದೆ.

ಶ್ರುತಿ ಏರುವುದಕ್ಕೂ ಮೂಲ ಆ ಉಕ್ಕಿನ ದಪ್ಪದಲ್ಲೇ ಇದೆ. ದಪ್ಪ ಉಕ್ಕಿನ ಎಳೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿದರೂ ಅದರ ಬಿಗಿ ಬಹಳ ಹೆಚ್ಚುತ್ತದೆ, ಹಾಗಾಗಿ ಫ್ರೆಟ್ಟಿನ ಮೇಲೆ ಒತ್ತಿದಾಗಲೇ ಸ್ವರ ಮೇಲೇರುತ್ತದೆ. ಬ್ಲೂಸ್ ವಾದಕ ತಂತಿಯನ್ನು ಅಡ್ಡಕ್ಕೆ ತಳ್ಳಿ ಸ್ವರವನ್ನು ಸುಲಭವಾಗಿ ಏರಿಸುವುದು ಸಾಧ್ಯವಾಗುವುದೂ ಇದೇ ಗುಣದಿಂದ. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕ ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ಜಾಝಿನ ಮೇಳವನ್ನು ಕೆಡಿಸುವ ದೋಷ ಮತ್ತು ಬ್ಲೂಸಿಗೆ ಜೀವ ಕೊಡುವ ಅನುಕೂಲ ಬೇರೆ ಬೇರೆಯಲ್ಲ.

ಜುಲೈ 5

ಮಳೆ ಬಿಡುವೇ ಕೊಡುತ್ತಿಲ್ಲ. ಹಳೆಯ ತಂತಿಗಳು ಮೂರೇ ವಾರಕ್ಕೆ ತುಕ್ಕು ಹಿಡಿದು ಒರಟಾದವು. 12–52ರ, ಚಪ್ಪಟೆ ಎಳೆ ಸುತ್ತಿ ಮೇಲ್ಮೈ ನುಣುಪಾದ ಫ್ಲಾಟ್‌ವೂಂಡ್ ತಂತಿಗಳನ್ನು ಏರಿಸಿದೆ. ಇದರಲ್ಲಿ ಮೂರನೆಯದು 0.024 ಇಂಚಿನ ಸುತ್ತಿದ ತಂತಿ. ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹಿಡಿಯುವ ಪಟ್ಟಿಯ) ಕಚ್ಚುಗಳನ್ನು ಅರದಿಂದ ಅಗಲಿಸಬೇಕಾಯಿತು. ಹೆಚ್ಚಿದ ಬಿಗಿಗೆ ನೆಕ್ ಮುಂದಕ್ಕೆ ಬಾಗಿತ್ತು. ನೆಕ್ಕಿನೊಳಗಿನ ಉಕ್ಕಿನ ಸರಳಾದ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿಮಾಡಿ, ಒಂದು ರಾತ್ರಿ ಬಿಟ್ಟು, ಮತ್ತೆ ಅಷ್ಟೇ ಬಿಗಿಮಾಡಿದೆ.

ಸ್ವರಮೇಳ ಈಗ ಒಂದೇ ಬಟ್ಟೆಯಲ್ಲಿ ನೇಯ್ದಂತಿದೆ. ಮೂರನೆಯ ತಂತಿ ಹೊರಕ್ಕೆ ಬರುವುದಿಲ್ಲ, ಶ್ರುತಿಯೂ ಕೂಡುತ್ತದೆ.

ಜುಲೈ 20

ಆದರೂ ಏನೋ ಕೊರತೆಯೆನಿಸುತ್ತಿತ್ತು. ಜಾಝಿನ ದನಿಯೆಂದರೆ ಟ್ರೆಬಲ್ ಕಡಿಮೆಯಿರುವ ದನಿ ಎಂದೇ ನಾನು ಇದುವರೆಗೆ ನಂಬಿದ್ದೆ. ಟೋನ್ ನಾಬಿಗೆ ಸೇರಿದ ಕೆಪಾಸಿಟರನ್ನು 0.047ರಿಂದ 0.022 ಮೈಕ್ರೊಫ್ಯಾರಡ್‌ಗೆ ಬದಲಿಸಿ ನೋಡಿದೆ. ನಾಬ್ ಪೂರ್ತಿ ಸೊನ್ನೆಯಲ್ಲಿದ್ದಾಗ ವ್ಯತ್ಯಾಸ ಸ್ಪಷ್ಟವಾಗಿದೆ. ನಾನು ನುಡಿಸುವ ನಾಲ್ಕರ ಗುರುತಿನಲ್ಲಿ ನನ್ನ ಕಿವಿಗೆ ಯಾವ ವ್ಯತ್ಯಾಸವೂ ಸಿಗಲಿಲ್ಲ. ಅಲ್ಲಿ ಕೆಲಸ ಮಾಡುವುದು ಕೆಪಾಸಿಟರಿಗಿಂತ ಹೆಚ್ಚಾಗಿ ಪಾಟಿನ (ನಾಬಿನ ಕೆಳಗಿನ, ತಿರುಗಿಸಿ ಹೊಂದಿಸುವ ರೋಧಕದ) ರೆಸಿಸ್ಟೆನ್ಸ್.

ಕೊರತೆಯಿದ್ದದ್ದು ಸ್ವರ ಅಳಿಯುವ ರೀತಿಯಲ್ಲಿ. ಟೊಳ್ಳು ಒಡಲಿನ ಗಿಟಾರಿನಲ್ಲಿ ತಂತಿಯ ಶಕ್ತಿಯನ್ನು ಮೇಲಿನ ತೆಳು ಹಲಗೆ ಬೇಗ ಹೀರಿಕೊಳ್ಳುವುದರಿಂದ ಸ್ವರ ದುಂಡಗೆ ಹುಟ್ಟಿ ಬೇಗ ಇಳಿಯುತ್ತದೆ, ಹಾಗೆ ಇಳಿಯುವಾಗಲೇ ಮುಂದಿನ ಮೇಳಕ್ಕೆ ಜಾಗ ಬಿಡುತ್ತದೆ. ಸಾಲಿಡ್ ಬಾಡಿಯಲ್ಲಿ ಆ ಶಕ್ತಿ ತಂತಿಯಲ್ಲೇ ಬಹುಕಾಲ ಉಳಿಯುತ್ತದೆ. ಬ್ಲೂಸಿನ ಒಂದು ಉದ್ದನೆಯ ಸ್ವರಕ್ಕೆ ಇದು ವರವಾದರೆ, ಮೇಳಗಳು ಬೇಗಬೇಗ ಬದಲಾಗುವಲ್ಲಿ ಒಂದರ ಮೇಲೊಂದು ಕವಿಯುತ್ತವೆ. ಬ್ರಿಡ್ಜಿನ ಬಳಿ ತಂತಿಗಳ ಅಡಿಯಲ್ಲಿ ತೆಳುವಾದ ಸ್ಪಂಜಿನ ತುಂಡನ್ನು ಸೇರಿಸಿದೆ. ತೀರ ಒತ್ತಿ ಕೂತರೆ ದನಿ ಸತ್ತುಹೋಗುತ್ತದೆ. ತಂತಿಗೆ ತಾಗಿಯೂ ತಾಗದಂತಿದ್ದಾಗ ನಾನು ಬಯಸಿದ ಇಳಿತ ಬರುತ್ತದೆ. ಹಲಸಿನ ಮರದ ಬಗ್ಗೆ ನನಗೆ ಅಭಿಮಾನವಿದೆ, ಆದರೆ ಈ ತುಂಡು ಸ್ಪಂಜು ಮಾಡಿದಷ್ಟು ಬದಲಾವಣೆಗೆ ಮರವನ್ನು ಕಾರಣವೆಂದು ಹೇಳಲಾರೆ.

ಪಿಕಪ್ಪಿನ ಜಾಗವನ್ನೂ ಅಳೆದೆ. ತಂತಿಯ ಉದ್ದ 648 ಮಿ.ಮೀ.; ಅದರ ಕಾಲುಭಾಗ, ಅಂದರೆ ಬ್ರಿಡ್ಜಿನಿಂದ 162 ಮಿ.ಮೀ. ದೂರದ ಆಸುಪಾಸಿನಲ್ಲಿ ನೆಕ್ ಪಿಕಪ್ ಇದೆ. ಬೆರಳೊತ್ತದೆ ಬಿಟ್ಟ ತಂತಿ ಮಿಡಿದಾಗ ನಾಲ್ಕನೆಯ ಹಾರ್ಮೋನಿಕ್ (ಮೂಲ ಸ್ವರದ ಜೊತೆಗೇ ಹುಟ್ಟುವ, ಅದರ ನಾಲ್ಕು ಪಟ್ಟು ಕಂಪನದ ಸ್ವರ) ಆ ಬಿಂದುವಿನಲ್ಲಿ ಅಲುಗುವುದೇ ಇಲ್ಲ, ಎರಡನೆಯದು ಅಲ್ಲಿ ಅತಿ ಹೆಚ್ಚು ಅಲುಗುತ್ತದೆ. ದುಂಡು ದನಿಗೆ ಇದೂ ಒಂದು ಕಾರಣ.

ಆಗಸ್ಟ್ 8

ನಿನ್ನೆ ಸಂಜೆ ಕರೆಂಟು ಇದ್ದ ಎರಡು ಗಂಟೆ ಪೂರ್ತಿ ಬ್ಲೂಸನ್ನೇ ನುಡಿಸಿದೆ. (ನಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಬಗೆಯದು, ಅದರಲ್ಲಿ ಆಂಪ್ ಹಾಕಿದರೆ ಸಿಂಗಲ್ ಕಾಯಿಲ್ ಪಿಕಪ್ಪಿನ ಗುಂಯ್‌ಗುಟ್ಟುವಿಕೆ ಸಂಗೀತವನ್ನೇ ಮುಚ್ಚುತ್ತದೆ.) ಮೊದಲು ಮೂರನೆಯ ತಂತಿಯನ್ನು ಎಷ್ಟು ತಳ್ಳಿದಾಗ ಪೂರ್ಣ ಸ್ವರ ಏರುತ್ತಿತ್ತೋ, ಈಗ ಅಷ್ಟೇ ತಳ್ಳಿದರೆ ಅರ್ಧ ಸ್ವರವೂ ಏರುವುದಿಲ್ಲ. ಬೆರಳ ತುದಿ ಸುಲಿದಿದೆ. ಏರದ ಸ್ವರದಿಂದ ಬ್ಲೂಸ್ ಆಗದು. ಈ ತಂತಿಯನ್ನು ಇಟ್ಟುಕೊಳ್ಳಲಾರೆ.

ಆಗಸ್ಟ್ 25

ಶಿವಮೊಗ್ಗದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಹಿತ್ತಾಳೆ ಸರಳಿನಿಂದ ನಡುವಿನ ಸ್ಯಾಡಲನ್ನು ಹೊಸದಾಗಿ ಮಾಡಿಸಿಕೊಂಡು ಬಂದೆ. ಸ್ಕ್ರೂವಿನ ತೂತನ್ನು ಓರೆಯಾಗಿ ಕೊರೆಸಿರುವುದರಿಂದ ಸ್ಯಾಡಲ್ ಓರೆಯಾಗಿ ಕೂರುತ್ತದೆ, ಮೂರನೆಯ ತಂತಿಗೆ ನಾಲ್ಕನೆಯದಕ್ಕಿಂತ 2 ಮಿ.ಮೀ. ಹೆಚ್ಚು ಉದ್ದ ಸಿಗುತ್ತದೆ. ಇಷ್ಟು ಸಣ್ಣ ಕೆಲಸವನ್ನು ಅವರು ಮೂರು ಸಲ ಅಳೆದು ಮಾಡಿಕೊಟ್ಟರು.

ಆರು, ಐದು, ನಾಲ್ಕನೆಯ ತಂತಿಗಳು ಫ್ಲಾಟ್‌ವೂಂಡ್ ಆಗಿಯೇ ಉಳಿದಿವೆ. ಮೂರನೆಯದು ಈಗ 0.018 ಇಂಚಿನ ಬರಿಯ ಉಕ್ಕು, ಒಂದು ಮತ್ತು ಎರಡನೆಯವು 11ರ ಕಟ್ಟಿನವು. ಹನ್ನೆರಡನೆಯ ಫ್ರೆಟ್ಟಿನಲ್ಲಿ ಒಂದೆರಡು ಸೆಂಟ್ ಮಾತ್ರ ಹೆಚ್ಚುಳಿದಿದೆ. ಪೂರ್ಣ ಸ್ವರದ ಏರಿಕೆ ಮತ್ತೆ ಕೈಗೆ ಬಂದಿದೆ.

ದನಿಯ ಜೋರು ಮಾತ್ರ ಹಾಗೆಯೇ ಇದೆ. ಟೆಲಿಕಾಸ್ಟರಿನ ನೆಕ್ ಪಿಕಪ್ಪಿನಲ್ಲಿ ಒಂದು ತಂತಿಯ ಅಯಸ್ಕಾಂತವನ್ನಷ್ಟೇ ಇಳಿಸಲು ಬರುವುದಿಲ್ಲ. ಇಡೀ ಪಿಕಪ್ಪನ್ನು ಒಂದು ಮಿ.ಮೀ. ಇಳಿಸಿದಾಗ ಸ್ವಲ್ಪ ತಗ್ಗಿತು. ಉಳಿದದ್ದನ್ನು ಮೇಳ ನುಡಿಸುವಾಗ ಪಿಕ್ ಬಿಟ್ಟು, ಆ ತಂತಿಗೆ ಮಾತ್ರ ಬೆರಳಿನ ಮಾಂಸಲ ಭಾಗ ತಾಗುವಂತೆ ಮೀಟಿ ಸರಿದೂಗಿಸುತ್ತಿದ್ದೇನೆ. ಸ್ಪಂಜನ್ನು ಬ್ಲೂಸಿಗೆ ತೆಗೆದು ಜಾಝಿಗೆ ಸೇರಿಸಲು ಅರ್ಧ ನಿಮಿಷ ಸಾಕು. ಮಳೆ ನಿಂತು ಗಾಳಿ ಒಣಗಿದ ಮೇಲೆ ನೆಕ್ ಮತ್ತೆ ಅಲುಗುವುದು ಖಂಡಿತ, ಆದ್ದರಿಂದ ಶ್ರುತಿಯ ಅಳತೆಯನ್ನು ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ತೆಗೆಯುತ್ತೇನೆ.