ಕಣ್ಣಾರೆ ಕಂಡದ್ದಕ್ಕೆ ಅಂಕ

ನಮ್ಮ ಬ್ಯಾಚಿನ ಕಾಲಕ್ಕೆ ಮೆಡಿಕಲ್ ಕಾಲೇಜಿನಲ್ಲಿ ಪ್ರಾಕ್ಟಿಕಲ್ಸ್ ಅಂದರೆ ಲಾಂಗ್ ಕೇಸ್. ಒಬ್ಬ ರೋಗಿಯನ್ನು ಒಪ್ಪಿಸುತ್ತಿದ್ದರು, ಮುಕ್ಕಾಲು ಗಂಟೆ ಬಿಟ್ಟು ಬಂದು ಕೇಳುತ್ತಿದ್ದರು. ವಿದ್ಯಾರ್ಥಿ ರೋಗಿಯ ಹೊಟ್ಟೆಯ ಮೇಲೆ ಕೈ ಇಟ್ಟದ್ದನ್ನು ಪರೀಕ್ಷಕರು ಬಹುತೇಕ ಕಂಡಿರುತ್ತಿರಲಿಲ್ಲ. 'ಸ್ಪ್ಲೀನ್ (ಗುಲ್ಮ) ಮೂರು ಬೆರಳು ಸಿಗುತ್ತೆ ಸರ್' ಎಂದರೆ, ಅದು ಕೈಗೆ ಸಿಕ್ಕಿದ್ದೋ ರೋಗಿಯ ಬಾಯಿಂದ ಕೇಳಿದ್ದೋ ತಿಳಿಯುವ ದಾರಿಯಿರಲಿಲ್ಲ. ಅದೃಷ್ಟದ ಪಾಲೂ ದೊಡ್ಡದು: ಒಬ್ಬನಿಗೆ ಎದೆ ತುಂಬ ನೀರು ನಿಂತ ಸ್ಪಷ್ಟ ಕೇಸ್, ಪಕ್ಕದವನಿಗೆ ಲಕ್ಷಣವೇ ಸಿಗದ ಜ್ವರ.

ಈ ಎರಡು ಕೊರತೆಗಳನ್ನು ತುಂಬಲು ಹೊರಟದ್ದು ಆಸ್ಕಿ (OSCE), ಅಂದರೆ ಎಲ್ಲರಿಗೂ ಒಂದೇ ಪ್ರಶ್ನೆಗಳಿಟ್ಟು, ವಿದ್ಯಾರ್ಥಿ ಮಾಡುವುದನ್ನು ಪರೀಕ್ಷಕರು ನೋಡಿಯೇ ಅಂಕ ಕೊಡುವ ಪ್ರಾಕ್ಟಿಕಲ್ ಪರೀಕ್ಷೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಇದನ್ನು ರೂಪಿಸಿ 1975ರಲ್ಲಿ ಪ್ರಕಟಿಸಿದರು. ಲೆಕ್ಕ ಸರಳ. 15 ಸ್ಟೇಷನ್ (ಒಂದೊಂದು ಕೆಲಸಕ್ಕೆ ಒಂದೊಂದು ಜಾಗ), ಒಂದೊಂದಕ್ಕೆ 7 ನಿಮಿಷ, ಜಾಗ ಬದಲಿಸಲು 1 ನಿಮಿಷ. 2 ಗಂಟೆಯಲ್ಲಿ 15 ವಿದ್ಯಾರ್ಥಿಗಳು ಅದೇ ಪ್ರಶ್ನೆಗಳನ್ನು ದಾಟುತ್ತಾರೆ. ಬೆಲ್ ಹೊಡೆದಾಗ ಒಬ್ಬ ಸ್ಟೇಷನ್ ತಪ್ಪಿದರೂ ಹಿಂದಿನವರೆಲ್ಲ ಗಲಿಬಿಲಿಯಾಗುತ್ತಾರೆ. ಹಾಗಾಗಿ ನೆಲಕ್ಕೆ ಬಾಣದ ಗುರುತು ಅಂಟಿಸಿಯೇ ಶುರು ಮಾಡಬೇಕು.

ಕಷ್ಟವಿರುವುದು ಚೆಕ್‌ಲಿಸ್ಟ್, ಅಂದರೆ ಪರೀಕ್ಷಕರು ನೋಡಿ ಅಂಕ ಹಾಕುವ ಹೆಜ್ಜೆಗಳ ಪಟ್ಟಿ, ಬರೆಯುವುದರಲ್ಲಿ. ರಕ್ತದೊತ್ತಡ ಅಳೆಯುವ ಸ್ಟೇಷನ್ನನ್ನೇ ನೋಡಿ. ಪರಿಚಯ, ಒಪ್ಪಿಗೆ, ಕೈ ತೊಳೆಯುವುದು, ಧನ್ಯವಾದ, ಇವಕ್ಕೆಲ್ಲ ಒಂದೊಂದು ಅಂಕ ಹಂಚಿಬಿಟ್ಟರೆ, ಪಾದರಸದ ಕಡೆ ಸರಿಯಾಗಿ ನೋಡದವನಿಗೂ ಅರ್ಧದಷ್ಟು ಅಂಕ ಬಂದಿರುತ್ತದೆ. ತೂಕ ಇರಬೇಕಾದದ್ದು ಅಳತೆಯನ್ನೇ ಕೆಡಿಸುವ ಹೆಜ್ಜೆಗಳಿಗೆ. ತೋಳು ಹೃದಯದ ಮಟ್ಟದಲ್ಲಿ ಆಧಾರದ ಮೇಲಿದೆಯೇ? ಕಫ್ (ಗಾಳಿ ತುಂಬುವ ಪಟ್ಟಿ) ತೋಳಿಗೆ ಹೊಂದುತ್ತದೆಯೇ? ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಮೊದಲು ನಾಡಿ ಹಿಡಿದು, ಅದು ಮಾಯವಾದ ಮಟ್ಟದಿಂದ 30 ಮಿ.ಮೀ. ಮೇಲಕ್ಕೆ ಗಾಳಿ ತುಂಬಿದರೇ? ಈ ಹೆಜ್ಜೆ ಬಿಟ್ಟವರು, ಸ್ಟೆತಸ್ಕೋಪಿನಲ್ಲಿ ಕೇಳುವ ಸದ್ದು ನಡುವೆ ನಿಂತು ಮತ್ತೆ ಬರುವ ರೋಗಿಗಳಲ್ಲಿ ಸಿಸ್ಟೋಲಿಕ್ಕನ್ನು (ಮೇಲಿನ ಅಂಕಿಯನ್ನು) ತೀರಾ ಕಡಿಮೆ ಓದುತ್ತಾರೆ. ಗಾಳಿ ಇಳಿಸುವುದು ಸೆಕೆಂಡಿಗೆ 2-3 ಮಿ.ಮೀ. ಸರ್ರನೆ ಬಿಟ್ಟರೆ ಸಿಸ್ಟೋಲಿಕ್ ಕೆಳಗೂ ಡಯಾಸ್ಟೋಲಿಕ್ (ಕೆಳಗಿನ ಅಂಕಿ) ಮೇಲಕ್ಕೂ ಸರಿಯುತ್ತದೆ.

ಇಷ್ಟೆಲ್ಲ ಬರೆದರೂ '120/80' ಎಂದು ಊಹಿಸಿ ಹೇಳುವವರನ್ನು ಚೆಕ್‌ಲಿಸ್ಟ್ ಹಿಡಿಯಲಾರದು. ಎರಡು ಜೊತೆ ಕಿವಿನಳಿಕೆಗಳಿರುವ ಟೀಚಿಂಗ್ ಸ್ಟೆತಸ್ಕೋಪ್ ಇದ್ದರೆ ಪರೀಕ್ಷಕರೂ ಅದೇ ಸದ್ದನ್ನು ಕೇಳುತ್ತಾರೆ. ಇದನ್ನು ಬಿಟ್ಟು ಈ ಸ್ಟೇಷನ್ ನಡೆಸಲೇಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಚೆಕ್‌ಲಿಸ್ಟಿನ ಜೊತೆಗೆ ಒಟ್ಟಾರೆ ಅಭಿಪ್ರಾಯದ ಕಾಲಮ್ಮೂ ಬೇಕು: ಫೇಲ್, ಅಂಚು, ಪಾಸ್, ಉತ್ತಮ. ಮೂರು ಪ್ರಶ್ನೆಗೇ ರೋಗದ ಜಾಡು ಹಿಡಿದವರಿಗೆ ಚೆಕ್‌ಲಿಸ್ಟಿನಲ್ಲಿ ಅಂಕ ಕಡಿಮೆ ಬೀಳುತ್ತದೆ, ಪಟ್ಟಿ ಒಪ್ಪಿಸಿದವರಿಗೆ ಹೆಚ್ಚು. ಆ ಕಾಲಮ್ಮಿನಿಂದ ಇನ್ನೊಂದು ಉಪಯೋಗವಿದೆ. 'ಅಂಚು' ಎನಿಸಿಕೊಂಡವರು ಚೆಕ್‌ಲಿಸ್ಟಿನಲ್ಲಿ ಎಷ್ಟು ಗಳಿಸಿದ್ದಾರೆ ಎಂಬುದರ ಮೇಲೆ ಆ ಸ್ಟೇಷನ್ನಿನ ಪಾಸ್ ಅಂಕ ಗೊತ್ತು ಮಾಡಬಹುದು. ಎಲ್ಲದಕ್ಕೂ 50 ಎಂದು ಗೆರೆ ಎಳೆದರೆ ಕಠಿಣ ಸ್ಟೇಷನ್ನಿನಲ್ಲಿ ಕಲಿತವರೂ ಬೀಳುತ್ತಾರೆ.

ಪರೀಕ್ಷಕರು ಇಬ್ಬರಿದ್ದರೆ ಒಂದೇ ಸ್ಟೇಷನ್ನಿನಲ್ಲಿ ಕೂರಿಸಬೇಡಿ. ಅವರನ್ನು ಎರಡು ಸ್ಟೇಷನ್ನುಗಳಿಗೆ ಹಂಚಿದರೆ ಫಲಿತಾಂಶ ಹೆಚ್ಚು ನಂಬಲರ್ಹವಾಗುತ್ತದೆ, ಏಕೆಂದರೆ ಹೃದಯ ಚೆನ್ನಾಗಿ ನೋಡುವ ವಿದ್ಯಾರ್ಥಿ ನರಗಳ ಪರೀಕ್ಷೆಯಲ್ಲಿ ಎಡವುವುದು ಸಾಮಾನ್ಯ.

ಮತ್ತೆ ರೋಗಿಗಳು. ನೋವಿರುವ ಹೊಟ್ಟೆಯನ್ನು ಒಬ್ಬರಾದ ಮೇಲೊಬ್ಬರು 15 ಜನ ಒತ್ತುವುದು ಹಿಂಸೆ. ಆ ಸ್ಟೇಷನ್ನಿಗೆ ಇಬ್ಬರು ರೋಗಿಗಳಿರಲಿ, ಸರದಿಯಲ್ಲಿ ವಿಶ್ರಾಂತಿ ಸಿಗಲಿ. ಹಿಸ್ಟರಿಗಾದರೆ (ರೋಗದ ಹಿನ್ನೆಲೆ ಕೇಳುವುದಕ್ಕೆ) ತರಬೇತಿ ಪಡೆದ ನಟ ರೋಗಿಗಳು ಸಾಕು. ಅಮೆರಿಕದಲ್ಲಿ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ 1963ರಲ್ಲೇ ಈ ದಾರಿ ತೋರಿಸಿದ್ದಾರೆ.

ನಮಗೆಲ್ಲ ಸಿಗುತ್ತಿದ್ದದ್ದು ಒಟ್ಟು ಅಂಕ ಮಾತ್ರ. ಈಗಿನ ಇಂಟರ್ನಲ್ ಆಸ್ಕಿಗಳಲ್ಲಾದರೂ ಗುರುಗಳು ಪ್ರತಿ ಸ್ಟೇಷನ್ನಿನ ಕೊನೆಗೆ 2 ನಿಮಿಷ ಮೀಸಲಿಟ್ಟು, 'ನಾಡಿ ಹಿಡಿಯದೆ ಕಫ್ ಏರಿಸಿದೆ' ಎಂದು ಅಲ್ಲೇ, ಕಫ್ ಇನ್ನೂ ತೋಳಿನಲ್ಲಿರುವಾಗಲೇ, ವಿದ್ಯಾರ್ಥಿಗೆ ಹೇಳಲಿ.