ಎಡಗಡೆಯಿಂದ ಎಳೆದರೆ

ಜಿಎಸ್‌ಟಿ ಜಾರಿಗೆ ಬಂದು ಎಂಟೋ ಒಂಬತ್ತೋ ದಿನ ಆಗಿರಬೇಕು. 2017ರ ಜುಲೈ. ಮುಂಬೈ ಪಕ್ಕದ ಡೊಂಬಿವಲಿಯ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಶೆಟ್ಟರ ಫೋನ್ ಬಂತು.

"ಕುಲಕರ್ಣಿಯವರೆ, ನಿಮ್ಮ ಬಿಲ್ಲು ನಡುಗ್ತಾ ಉಂಟು ಮಾರಾಯ್ರೆ."

ಪ್ರಿಂಟರ್ ಇರಬೇಕು ಅಂದುಕೊಂಡೆ. ಪ್ರಿಂಟರ್ ಅಲ್ಲವಂತೆ, ಕಂಪ್ಯೂಟರಿನ ತೆರೆ. ಅದರ ಮೇಲಿನ ಬಿಲ್ಲಿನ ಕಿಟಕಿಯನ್ನು (ವಿಂಡೋ) ಎಳೆದು ಅಗಲ ಮಾಡುವಾಗ ಎಲ್ಲ ಬೆಳ್ಳಗಾಗುತ್ತದೆ, ಕಪ್ಪಗಾಗುತ್ತದೆ, ಅಂಕಿಗಳು ಕುಣಿಯುತ್ತವೆ. ಅವರು ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು. "ಡಾಕ್ಟ್ರು ಬೆಳಕು ನೋಡ್ಬೇಡಿ ಅಂದಿದ್ದಾರೆ, ನಿಮ್ಮದು ಕಣ್ಣಿಗೆ ಟಾರ್ಚ್ ಬಿಟ್ಟ ಹಾಗೆ ಆಗ್ತದೆ" ಅಂದರು.

ಶೆಟ್ಟರ ಹೋಟೆಲ್ ಮಾಟುಂಗಾ ಪೂರ್ವದಲ್ಲಿ, ಕಿಂಗ್ಸ್ ಸರ್ಕಲ್ ಕಡೆ ಹೋಗುವ ದಾರಿಯಲ್ಲಿ. ಎಸಿ ಇಲ್ಲ, ಹದಿನಾರು ಟೇಬಲ್. ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟವನು ನಾನೇ, 2011ರಲ್ಲಿ, ಕಂಪನಿ ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು. ಆಗ ಹುರುಪಿತ್ತು. ಸಿ ಪ್ಲಸ್ ಪ್ಲಸ್‌ನಲ್ಲಿ, ನೇರ ವಿನ್32ರ (ವಿಂಡೋಸ್‌ನ ಮೂಲ ಸಲಕರಣೆಗಳ) ಮೇಲೆ, ಪ್ರತಿ ಗೆರೆಯನ್ನೂ ನಾನೇ ಎಳೆದು ಮಾಡಿದ್ದೆ. ಆರು ವರ್ಷ ಯಾರೂ ದೂರಲಿಲ್ಲ. ಈಗ ಯಾಕೆ ದೂರು ಅಂತ ಕೇಳಿದರೆ ಅದಕ್ಕೂ ಜಿಎಸ್‌ಟಿಯೇ ಕಾರಣ. ಎಸಿ ಇಲ್ಲದ ಹೋಟೆಲಿಗೆ ಆಗ ಶೇಕಡಾ 12 ತೆರಿಗೆ. ಕೇಂದ್ರಕ್ಕೆ 6, ರಾಜ್ಯಕ್ಕೆ 6. ಬಿಲ್ಲಿನಲ್ಲಿ ಎರಡು ಹೊಸ ಕಾಲಂ ಸೇರಿಸಿದ್ದೆ. ಕಿಟಕಿ ಅಗಲ ಆಯಿತು. ಅಗಲವಾದದ್ದು ಪಕ್ಕದಲ್ಲಿದ್ದ ಸಿಸಿಟಿವಿಯ ಕಿಟಕಿಯನ್ನು ಮುಚ್ಚಿತು. ಗಲ್ಲಾದ ಮೇಲಿದ್ದದ್ದು ಒಂದೇ ಹದಿನೇಳು ಇಂಚಿನ ಮಾನಿಟರ್. ಎಡಕ್ಕೆ ಸಿಸಿಟಿವಿ, ಬಲಕ್ಕೆ ಬಿಲ್ಲು. ಹಾಗಾಗಿ ಬಿಲ್ ಮಾಡುವಾಗ ಎಳೆದು ಅಗಲ ಮಾಡುವುದು, ಮುಗಿದ ಮೇಲೆ ಒತ್ತಿ ಸಣ್ಣ ಮಾಡಿ ಅಡುಗೆಮನೆಯ ಮೇಲೆ ಕಣ್ಣಿಡುವುದು, ಇದು ದಿನಕ್ಕೆ ನೂರಾರು ಸಲ.

ಫೋನಿನಲ್ಲೇ ಒಂದು ಉಪಾಯ ಹೇಳಿಕೊಟ್ಟೆ. ವಿಂಡೋಸ್‌ನಲ್ಲಿ ಒಂದು ಆಯ್ಕೆ ಇದೆ: ಎಳೆಯುವಾಗ ಕಿಟಕಿಯ ಒಳಗಿನದನ್ನು ತೋರಿಸಬೇಕೋ ಬೇಡವೋ ಅಂತ. ಅದನ್ನು ತೆಗೆದರೆ ಬರೀ ಚೌಕಟ್ಟಿನ ಗೆರೆ ಓಡಾಡುತ್ತದೆ, ಮೌಸ್ ಬಿಟ್ಟ ಮೇಲೆ ಒಂದೇ ಸಲ ಚಿತ್ರ ಬರುತ್ತದೆ. ಮಿಣುಕುವ ಪ್ರಶ್ನೆಯೇ ಇಲ್ಲ. ಮರುದಿನ ಬೆಳಿಗ್ಗೆ ಶೆಟ್ಟರು ತೀರ್ಪು ಕೊಟ್ಟರು: "ಇದೆಂತ, ಫೋಟೊ ತೆಗೆದು ಬರೀ ಫ್ರೇಮ್ ಕೊಟ್ಟ ಹಾಗೆ. ಬೇಡ. ಮೊದಲಿನ ಹಾಗೆಯೇ ಇರ್ಲಿ, ನಡುಕ ಮಾತ್ರ ತೆಗೀರಿ."

ಸರಿ, ಅದೇ ರಾತ್ರಿ ಕೂತೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10, ಅದರಲ್ಲಿ ಹೆಚ್ಚೇನೂ ಕಾಣಲಿಲ್ಲ. ಅಲ್ಲಿ ಮತ್ತೆ ಯಾಕೆ? ಹಾರ್ಡ್‌ವೇರ್ ಹುಡುಗನಿಗೆ ಫೋನ್ ಮಾಡಿದಾಗ ಗೊತ್ತಾಯಿತು: ಗಲ್ಲಾದ ಯಂತ್ರ ವಿಂಡೋಸ್ 7, ಮೆಮೊರಿ 2 ಜಿಬಿ, ನಿಧಾನ ಅಂತ ಅವನು ಕ್ಲಾಸಿಕ್ ಥೀಮ್, ಅಂದರೆ ಹಳೇ ಕಾಲದ ಸಾದಾ ನೋಟ, ಹಾಕಿಟ್ಟಿದ್ದ. 2007ರಲ್ಲಿ ವಿಸ್ಟಾ ಜೊತೆ ಬಂದ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಎಲ್ಲ ಕಿಟಕಿಗಳ ಚಿತ್ರವನ್ನೂ ಮರೆಯಲ್ಲಿ ಜೋಡಿಸಿಕೊಂಡು ಆಮೇಲೆ ತೆರೆಗೆ ತರುತ್ತದೆ. ವಿಂಡೋಸ್ 8ರಿಂದ ಮುಂದಕ್ಕೆ ಅದನ್ನು ಆಫ್ ಮಾಡಲಿಕ್ಕೇ ಬರುವುದಿಲ್ಲ. ಆದರೆ 7ರಲ್ಲಿ ಕ್ಲಾಸಿಕ್ ಥೀಮ್ ಹಾಕಿದರೆ ಅದು ಮಲಗಿಬಿಡುತ್ತದೆ. ಪ್ರೋಗ್ರಾಂ ಬಳಿದದ್ದೆಲ್ಲ ನೇರ ತೆರೆಯ ಮೇಲೆ ಬೀಳುತ್ತದೆ, ಅಳಿಸಿದ್ದೂ ಸೇರಿ. ನನ್ನ ಲ್ಯಾಪ್‌ಟಾಪ್ ಆರು ವರ್ಷ ನನ್ನ ಮಾನ ಮುಚ್ಚಿತ್ತು ಅಷ್ಟೆ.

ಹಳೇ ಕೋಡ್ ತೆರೆದು ನೋಡಿದರೆ ನಾಚಿಕೆ ಆಯಿತು. ಕಿಟಕಿಯ ಅಳತೆ ಬದಲಾದಾಗ ವಿಂಡೋಸ್ ಮೊದಲು 'ಹಿನ್ನೆಲೆ ಅಳಿಸು' ಅನ್ನುತ್ತದೆ, ಆಮೇಲೆ 'ಬಳಿ' ಅನ್ನುತ್ತದೆ. ನಾನು ಹಿನ್ನೆಲೆಗೆ ಬಿಳಿ ಬ್ರಷ್ ಕೊಟ್ಟಿದ್ದೆ. ಅಂದರೆ ಪ್ರತಿ ಸಲವೂ ಮೊದಲು ಪೂರ್ತಿ ಬಿಳಿ, ಅದರ ಮೇಲೆ ಒಂದೊಂದೇ ಸಾಲು ಬರಹ. ತೆರೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಒಂದು ಸಲಕ್ಕೆ 16.7 ಮಿಲಿಸೆಕೆಂಡ್. ನನ್ನ ಸಾಲುಗಳು ಅಷ್ಟರೊಳಗೆ ಮುಗಿಯದಿದ್ದರೆ ನಡುವಿನ ಬಿಳಿ ಕಣ್ಣಿಗೆ ಹೊಡೆಯುತ್ತದೆ. ಮುಗಿಯುತ್ತಲೇ ಇರಲಿಲ್ಲ. ಯಾಕೆಂದರೆ (ಇದನ್ನು ಯಾರಿಗೂ ಹೇಳಿರಲಿಲ್ಲ) ಅಳತೆ ಬದಲಾದ ಸಂದೇಶ ಬಂದಾಗಲೆಲ್ಲ ನಾನು ಡೇಟಾಬೇಸ್‌ಗೆ ಹೋಗಿ ಆ ದಿನದ ಬಿಲ್ಲುಗಳನ್ನು ಮತ್ತೆ ಓದಿಕೊಂಡು ಬರುತ್ತಿದ್ದೆ! ಎಷ್ಟು ಸಾಲು ಹಿಡಿಸುತ್ತದೆ ಅಂತ ಲೆಕ್ಕ ಹಾಕಲಿಕ್ಕೆ. ಮೌಸ್ ಒಂದು ಗೇಣು ಎಳೆದರೆ ಆ ಸಂದೇಶ ಹತ್ತಾರು ಸಲ ಬರುತ್ತದೆ.

ಡೇಟಾಬೇಸ್ ಓದುವುದನ್ನು, ಎಳೆದು ಮುಗಿದಾಗ ಒಂದೇ ಸಲ ಬರುವ ಡಬ್ಲ್ಯೂಎಂ ಎಕ್ಸಿಟ್‌ಸೈಜ್‌ಮೂವ್ ಸಂದೇಶಕ್ಕೆ ದಾಟಿಸಿದೆ. ಅಳತೆ ಬದಲಾದ ಕೂಡಲೇ ಪೂರ್ತಿ ಮರುಬಳಿಯಬೇಕು ಅನ್ನುವ ಎಚ್‌ರೀಡ್ರಾ, ವಿರೀಡ್ರಾ ಎಂಬ ಎರಡು ಗುರುತುಗಳನ್ನು ಕಿತ್ತೆ. ಕೆಳಗಿನ ಎಡಮೂಲೆಯ ಬಟನ್ನುಗಳು ಒಂದೊಂದಾಗಿ ಜರುಗುತ್ತಿದ್ದವು. ಅವನ್ನು ಡಿಫರ್‌ವಿಂಡೋಪೊಸ್ ಬಳಸಿ ಒಟ್ಟಿಗೆ ಜರುಗಿಸಿದೆ, ಅವುಗಳ ಮೇಲೆ ತಾಯಿ ಕಿಟಕಿ ಬಣ್ಣ ಬಳಿಯದ ಹಾಗೆ ಕ್ಲಿಪ್‌ಚಿಲ್ಡ್ರನ್ ಹಾಕಿದೆ. ಲ್ಯಾಪ್‌ಟಾಪ್‌ನಲ್ಲೇ ಒಂದು ವರ್ಚುವಲ್ ಮಷೀನ್ (ಯಂತ್ರದೊಳಗೊಂದು ನಕಲಿ ಯಂತ್ರ) ಮಾಡಿ, ವಿಂಡೋಸ್ 7 ಹಾಕಿ, ಕ್ಲಾಸಿಕ್ ಥೀಮ್ ಕೊಟ್ಟು, ಬಲಗಡೆಯ ಕೆಳಮೂಲೆ ಹಿಡಿದು ಎಳೆದೆ. ಎಷ್ಟೋ ವಾಸಿ. ಬಿಳಿ ಇನ್ನೂ ಸ್ವಲ್ಪ ಇತ್ತು, ಅದನ್ನು ಅಲ್ಲೇ ಹೋಗಿ ನೋಡಿದರಾಯಿತು ಅಂತ ಮಲಗಿದೆ.

ಶನಿವಾರ ಮಧ್ಯಾಹ್ನ ಹೊರಟೆ. ಮಾಟುಂಗಾದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಮಳೆಗೆ ಸ್ಲೋ ಲೋಕಲ್ ಇನ್ನಷ್ಟು ಸ್ಲೋ. ಬೆನ್ನಿನ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅಪ್ಪಿಕೊಂಡು ನಿಂತಿದ್ದೆ, ಮಗುವಿನ ಹಾಗೆ. ಮೂರು ಗಂಟೆಗೆ ತಲುಪಿದೆ. ಊಟದ ಗದ್ದಲ ಮುಗಿದು ಚಹಾದ ಗದ್ದಲ ಶುರುವಾಗುವ ಮೊದಲಿನ ಒಂದು ತಾಸು ಮಾತ್ರ ಶೆಟ್ಟರು ಗಲ್ಲಾ ಬಿಟ್ಟುಕೊಡುತ್ತಾರೆ.

ಹೊಸದನ್ನು ಹಾಕಿ, ಬಲಮೂಲೆ ಹಿಡಿದು ಎಳೆದು ತೋರಿಸಿದೆ. "ನೋಡ್ರಿ ಶೆಟ್ರ."

ಶೆಟ್ಟರು ಕನ್ನಡಕ ಸರಿ ಮಾಡಿಕೊಂಡು ಮೌಸ್ ಕಿತ್ತುಕೊಂಡರು. ಎಡಗಡೆಯ ಅಂಚು ಹಿಡಿದು ಎಳೆದರು. ಬಲತುದಿಯಲ್ಲಿದ್ದ ಮೊತ್ತದ ಅಂಕಿ ಜ್ವರ ಬಂದವನ ಹಲ್ಲಿನ ಹಾಗೆ ಕಟಕಟ ನಡುಗಿತು. ಮೊದಲಿಗಿಂತ ಜೋರಾಗಿ.

"ಅಲ್ರೀ, ನೀವು ಬಲಗಡೆಯಿಂದ..."

"ಬಲಗಡೆ ಗೋಡೆ ಉಂಟಲ್ಲ ಮಾರಾಯ್ರೆ, ಎಲ್ಲಿಗೆ ಎಳೆಯುವುದು? ಸಿಸಿಟಿವಿ ಎಡಗಡೆ. ನಾನು ಎಳೆಯುವುದೇ ಎಡಗಡೆಯಿಂದ."

ಹೌದಲ್ಲ. ಒಂದು ದಿನವೂ ನಾನು ಎಡದಂಚು ಹಿಡಿದು ಎಳೆದು ನೋಡಿರಲಿಲ್ಲ.

ಎದುರಿಗೆ ಅಡುಗೆಮನೆಯ ಬಾಗಿಲ ಪಕ್ಕ ಕರಿಹಲಗೆ. ಕುಂದಾಪುರ ಕಡೆಯ ಹುಡುಗನೊಬ್ಬ ಒದ್ದೆ ಬಟ್ಟೆಯಿಂದ ಇಡೀ ಹಲಗೆ ಒರೆಸಿ, ಸಂಜೆಯ ತಿಂಡಿಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಒಬ್ಬ ಗಿರಾಕಿ ಬಂದವನು ಖಾಲಿ ಹಲಗೆ ನೋಡಿ, ಏನೂ ಇಲ್ಲ ಅಂತ ತಿಳಿದು ಹೊರಟೇಬಿಟ್ಟ. ಶೆಟ್ಟರು ಹುಡುಗನನ್ನು ಬೈದರು. ನಾನು ಸಂದು ಸಿಕ್ಕಿತೆಂದು, ನನ್ನ ಕಿಟಕಿಯಲ್ಲೂ ಇದೇ ಆಗುತ್ತಿದೆ ಅಂದೆ. ಒರೆಸುವುದಕ್ಕೂ ಬರೆಯುವುದಕ್ಕೂ ನಡುವಿನ ಖಾಲಿಯೇ ನಿಮ್ಮ ಕಣ್ಣಿಗೆ ಹೊಡೆಯುವುದು. ಎರಡು ಹಲಗೆ ಇಟ್ಟುಕೊಂಡು ಒಳಗೆ ಬರೆದು ತಂದು ಬದಲಾಯಿಸಿದರೆ ಗಿರಾಕಿಗೆ ಖಾಲಿ ಕಾಣುವುದೇ ಇಲ್ಲ.

ಶೆಟ್ಟರು ಒಪ್ಪಲಿಲ್ಲ. "ಎರಡು ಹಲಗೆ ಎಂತಕ್ಕೆ? ಪತ್ರೊಡೆ ಮುಗಿದ್ರೆ ಪತ್ರೊಡೆ ಒಂದು ಸಾಲು ಒರೆಸಿದ್ರೆ ಸಾಕಲ್ಲ? ಈ ಪೋರನಿಗೆ ಅದೇ ಹೇಳುವುದು."

ಅವರು ಹೇಳಿದ್ದೂ ಸರಿಯೇ. ಬದಲಾದ ಭಾಗವನ್ನಷ್ಟೇ ಬಳಿಯುವುದು ವಿಂಡೋಸ್‌ನ ಹಳೆಯ ಬುದ್ಧಿ. ಎಚ್‌ರೀಡ್ರಾ ಕಿತ್ತಾಗ ನಾನು ಮಾಡಿದ್ದೂ ಅದನ್ನೇ. ಎಡವಟ್ಟಾದದ್ದು ಅಲ್ಲೇ ಅಂತ ಆಗ ಹೊಳೆಯಿತು. ಮರುಬಳಿಯುವುದು ಬೇಡ ಅಂದ ಕೂಡಲೇ ವಿಂಡೋಸ್ ಮಿತವ್ಯಯಕ್ಕೆ ಇಳಿಯುತ್ತದೆ: ಹಳೇ ಚಿತ್ರವನ್ನೇ ಎತ್ತಿ ಹೊಸ ಕಿಟಕಿಯ ಎಡಮೇಲ್ಮೂಲೆಗೆ ತಾಗಿಸಿ ಅಂಟಿಸುತ್ತದೆ, ಮಿಕ್ಕ ಪಟ್ಟಿಯನ್ನು ಮಾತ್ರ ನಮ್ಮಿಂದ ಬಳಿಸುತ್ತದೆ. ಬಲಮೂಲೆಯಿಂದ ಎಳೆದರೆ ಎಡಮೇಲ್ಮೂಲೆ ಕದಲುವುದಿಲ್ಲ, ಅಂಟಿಸಿದ್ದು ಸರಿಯಾದ ಜಾಗದಲ್ಲೇ ಕೂರುತ್ತದೆ. ಎಡದಂಚು ಎಳೆದರೆ ಆ ಮೂಲೆಯೇ ಓಡುತ್ತದೆ. ಅದರ ಬೆನ್ನಿಗೆ ಹಳೇ ಚಿತ್ರವೂ ಓಡುತ್ತದೆ, ಬಲತುದಿಯಲ್ಲಿ ನಿಂತಿರಬೇಕಾದ ಮೊತ್ತವೂ. ಆಮೇಲೆ ನನ್ನ ಕೋಡ್ ಬಂದು ಮೊತ್ತವನ್ನು ಬಲಕ್ಕೆ ಎಳೆದು ತರುತ್ತದೆ. ಮತ್ತೆ ಓಟ, ಮತ್ತೆ ಎಳೆತ. ಅದೇ ನಡುಕ.

ಗಲ್ಲಾದ ಪಕ್ಕದ ಮೇಜಿಗೆ ಲ್ಯಾಪ್‌ಟಾಪ್ ಇಟ್ಟು ಕೂತೆ. ಕಿಟಕಿಯ ಜಾಗ ಬದಲಾಗುವ ಮೊದಲು ಡಬ್ಲ್ಯೂಎಂ ವಿಂಡೋಪೊಸ್‌ಚೇಂಜಿಂಗ್ ಅಂತ ಒಂದು ಸಂದೇಶ ಬರುತ್ತದೆ. ಅದರಲ್ಲಿ 'ನೋಕಾಪಿಬಿಟ್ಸ್' ಅನ್ನುವ ಗುರುತು ಸೇರಿಸಿದರೆ ವಿಂಡೋಸ್ ಹಳೇ ಚಿತ್ರ ಅಂಟಿಸಲು ಹೋಗುವುದಿಲ್ಲ. ಸೇರಿಸಿದ್ದು ಒಂದೇ ಸಾಲು. ಹಾಗೆ ಮಾಡಿದರೆ ಪೂರ್ತಿ ಚಿತ್ರ ನಾವೇ ಬಳಿಯಬೇಕಾಗುತ್ತದೆ, ಆಗ ಬಿಳಿ ವಾಪಸು ಬರುತ್ತದೆ. ಅದಕ್ಕೇ ಎರಡನೇ ಹಲಗೆ ಬೇಕು. 'ಹಿನ್ನೆಲೆ ಅಳಿಸು' ಅಂದರೆ 'ಆಯಿತು' ಅಂತ ಸುಳ್ಳು ಹೇಳಿ ಏನೂ ಅಳಿಸದೆ ಸುಮ್ಮನಿರುವುದು. ಮೆಮೊರಿಯಲ್ಲಿ ಒಂದು ಬಿಟ್‌ಮ್ಯಾಪ್, ಅಂದರೆ ಚುಕ್ಕಿಗಳ ಚಿತ್ರ, ಇಟ್ಟುಕೊಂಡು ಅದರ ಮೇಲೆ ಹಿನ್ನೆಲೆ, ಗೆರೆ, ಅಂಕಿ ಎಲ್ಲ ಬಳಿದು, ಕೊನೆಗೆ ಬಿಟ್‌ಬ್ಲಿಟ್ ಮಾಡಿ ಒಂದೇ ಏಟಿಗೆ ತೆರೆಗೆ ದಾಟಿಸುವುದು. ಎಳೆದಾಗಲೆಲ್ಲ ಹೊಸ ಬಿಟ್‌ಮ್ಯಾಪ್ ಮಾಡಿದರೆ ಅದೇ ನಿಧಾನ ಆಗುತ್ತದೆ, ಹಾಗಾಗಿ ಮಾನಿಟರಿನಷ್ಟೇ ದೊಡ್ಡದನ್ನು ಶುರುವಿನಲ್ಲೇ ಒಂದು ಸಲ ಮಾಡಿಟ್ಟೆ. 1280ಕ್ಕೆ 1024, ಒಂದು ಚುಕ್ಕಿಗೆ ನಾಲ್ಕು ಬೈಟ್: ಒಟ್ಟು 5 ಎಂಬಿ. 2 ಜಿಬಿಯ ಬಡ ಯಂತ್ರಕ್ಕೂ ಅದು ಭಾರವಲ್ಲ.

ಇಷ್ಟರಲ್ಲಿ ಹುಡುಗ ಪತ್ರೊಡೆ ತಂದಿಟ್ಟ. ತುಳುನಾಡಿನ ಆಟಿ ತಿಂಗಳು, ಪತ್ರೊಡೆಯ ಕಾಲ, ಹತ್ತಿರ ಬಂತಲ್ಲ. ಕೆಸುವಿನ ಎಲೆ ನಮ್ಮ ಧಾರವಾಡದ ನಾಲಿಗೆಗೆ ಮೊದಮೊದಲು ಒಗ್ಗಿರಲಿಲ್ಲ, ಈಗ ಇದಕ್ಕಾಗಿಯೇ ಬಗ್ ಹುಡುಕಿಕೊಂಡು ಬರುತ್ತೇನೋ ಏನೋ. ಒಂದು ಕೈಯಲ್ಲಿ ತಿನ್ನುತ್ತ, ಒಂದು ಕೈಯಲ್ಲಿ ಕಂಪೈಲ್ ಮಾಡುತ್ತ, ನಾಲ್ಕಕ್ಕೆ ಐದು ನಿಮಿಷ ಇರುವಾಗ ಪೆನ್‌ಡ್ರೈವ್ ಹಾಕಿದೆ.

ಎಡದಂಚು ಹಿಡಿದು ನಾನೇ ಎಳೆದೆ. ಬಿಳಿ ಇಲ್ಲ. ಮೊತ್ತ ಬಲತುದಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು. ತೀರಾ ಜೋರಾಗಿ ಎಳೆದರೆ ಎಡಗಡೆಯಲ್ಲಿ ಕೂದಲೆಳೆಯಷ್ಟು ಪಟ್ಟಿ ಒಂದು ಕ್ಷಣ ತಡವಾಗಿ ತುಂಬುತ್ತಿತ್ತು. ನನ್ನ ವಿಂಡೋಸ್ 10ರಲ್ಲಂತೂ ಅದು ಇನ್ನೂ ಕಾಣುತ್ತದೆ. ಅಲ್ಲಿ ನಡುವೆ ಕೂತ ವಿಂಡೋ ಮ್ಯಾನೇಜರ್ ನಾನು ಬಳಿದು ಮುಗಿಸುವ ತನಕ ಕಾಯುವುದಿಲ್ಲ, ಅದಕ್ಕೆ ನೋಕಾಪಿಬಿಟ್ಸ್ ಹೇಳಿಯೂ ಉಪಯೋಗವಿಲ್ಲ. ಈ ಪಟ್ಟಿಯ ವಿಷಯ ನಾನು ಶೆಟ್ಟರಿಗೆ ಹೇಳಲಿಲ್ಲ. ಅವರೇ ಹಿಡಿಯುತ್ತಾರೋ ನೋಡೋಣ ಅಂತ ಸುಮ್ಮನಿದ್ದೆ.

ಶೆಟ್ಟರು ಮೌಸ್ ತಗೊಂಡರು. ಖಾಲಿ ಬಿಲ್ ಮೇಲೆ ಪರೀಕ್ಷೆ ಮಾಡುವುದು ಅವರಿಗೆ ಸರಿ ಕಾಣಲಿಲ್ಲ. ಪತ್ರೊಡೆ ಒಂದು, 60. ಕಾಫಿ ಒಂದು, 30. ಕೇಂದ್ರ 5.40, ರಾಜ್ಯ 5.40. ಎಳೆದರು, ಒತ್ತಿದರು, ಮತ್ತೆ ಎಳೆದರು. 100.80 ಅಲ್ಲಾಡಲಿಲ್ಲ. ಕಿಟಕಿ ಸಣ್ಣ ಮಾಡಿದಾಗ ಸಿಸಿಟಿವಿಯಲ್ಲಿ ಏನೋ ಕಂಡಿತು. "ಅಲ್ಪ ಏರ್‌ಲಾ ಇಜ್ಜೆರಾ?" (ಅಲ್ಲಿ ಯಾರೂ ಇಲ್ಲವಾ?) ಅಂತ ತುಳುವಿನಲ್ಲಿ ಅಡುಗೆಮನೆಗೆ ಕೇಳುವ ಹಾಗೆ ಕೂಗಿದರು. ಒಳಗೆ ಯಾರೋ ಓಡಿದ ಸದ್ದಾಯಿತು.

ಆಮೇಲೆ ಪ್ರಿಂಟ್ ಒತ್ತಿ, ಚೀಟಿ ಹರಿದು ನನ್ನ ಮುಂದಿಟ್ಟರು.

"80 ಪೈಸೆ ಬೇಡ" ಅಂದರು.